ಮನೆಯ ಮಾತು, ಮಗುವಿನ ಕಿವಿ

ಮನೆಗೆ ಬಂದ ನೆಂಟರು ನಮ್ಮ ಮಾತನ್ನು ಅರ್ಧ ಕೇಳಿ ಅರ್ಧ ಬಿಡುವರು. ಹಿರಿಯರು ಕಿವಿ ಮಂದವಾಯಿತೆಂದು ನೆವ ಹೇಳುವರು. ಶಾಲೆಯ ಬಾಲಕರ ಶ್ರವಣಶಕ್ತಿಯ ವಿಷಯವನ್ನಂತೂ ಮೂವತ್ತೆರಡು ವರ್ಷ ಸಂಸ್ಕೃತ ಪಾಠ ಹೇಳಿದ ನಾವು ವಿವರಿಸಬೇಕಾದುದೇ ಇಲ್ಲ. ಆಡಿದ ಮಾತಿನಲ್ಲಿ ಒಂದನ್ನೂ ಬಿಡದೆ, ಮಾತಿನೊಡನೆ ಹುಬ್ಬಿನ ಗಂಟನ್ನೂ ಕೈಯ ಬೀಸನ್ನೂ ಕಂಠದ ಏರಿಳಿತವನ್ನೂ ಸೇರಿಸಿ ಹಿಡಿದಿಟ್ಟುಕೊಳ್ಳುವ ಶ್ರೋತೃವು ಒಂದು ಮನೆಯಲ್ಲಿ ಸಾಮಾನ್ಯವಾಗಿ ಒಬ್ಬನೇ ಇರುವನು. ಅದು ಎರಡು ತುಂಬಿ ಮೂರಕ್ಕೆ ಕಾಲಿಡುತ್ತಿರುವ ಕೂಸು. ಆ ಕೂಸಿಗೆ ಏನೂ ತಿಳಿಯದೆಂದು ನಂಬಿ, ಅದರ ಎದುರಿಗೆ ನಾವು ಸಂಸಾರದ ಮುನಿಸನ್ನೂ ರಾಜಕೀಯದ ಜಗಳವನ್ನೂ ಸಿನಿಮಾದ ಹಾಡನ್ನೂ ಹರಡಿಕೊಂಡು ಕೂರುವೆವು. ತಿಳಿಯುವುದೋ ಇಲ್ಲವೋ, ಅದು ಎಲ್ಲವನ್ನೂ ಎತ್ತಿಟ್ಟುಕೊಳ್ಳುವುದು; ಎತ್ತಿಟ್ಟುದನ್ನು ನಾವು ನಿರೀಕ್ಷಿಸದ ಹೊತ್ತಿನಲ್ಲಿ, ನಿರೀಕ್ಷಿಸದವರ ಎದುರಿಗೆ, ಹಿಂದಕ್ಕೆ ಕೊಡುವುದು.

ಮೈಸೂರಿನ ನಮ್ಮ ಮನೆಯಲ್ಲಿ ಈಗ ನಾಲ್ಕು ತಲೆಮಾರಿನವರು ಒಂದೇ ಸೂರಿನ ಕೆಳಗೆ ಇರುವೆವು. ಎಂಬತ್ತಮೂರು ವರ್ಷದ ನಮ್ಮ ತಾಯಿಯವರು, ನಾವು ದಂಪತಿಗಳು, ಮಗ ಮತ್ತು ಸೊಸೆ, ಎರಡೂವರೆ ವರ್ಷದ ಮೊಮ್ಮಗಳು. ಮಗನಿಗೆ ಕಂಪ್ಯೂಟರಿನ ಕೆಲಸ. ಸೊಸೆಗೆ ಬ್ಯಾಂಕಿನಲ್ಲಿ ಉದ್ಯೋಗ. ಇಂಥ ತುಂಬಿದ ಮನೆಯಲ್ಲಿ ಮಗುವಿಗೆ ಮಾತಿನ ಬರವುಂಟೆಂದು ಯಾರೂ ಎಣಿಸಲಾರರು. ಆದರೂ ಅದಕ್ಕೆ ಎರಡು ವರ್ಷ ತುಂಬಿದ ತಿಂಗಳಲ್ಲಿ ಅದರ ಬಾಯಿಂದ ಬರುವ ಶಬ್ದಗಳನ್ನೆಲ್ಲ ನಾವು ಒಂದು ಹಾಳೆಯಲ್ಲಿ ಬರೆದು ನೋಡಿದೆವು. (ಮೇಷ್ಟರ ಚಾಳಿಯು ನಿವೃತ್ತಿವೇತನದೊಡನೆ ನಿಲ್ಲುವುದಿಲ್ಲ.) ಅರ್ಧಕ್ಕೆ ಮೀರಿ ಇಂಗ್ಲಿಷೇ ಇದ್ದಿತು: ಬ್ಲೂ, ಯೆಲ್ಲೋ, ಸ್ಟಾರ್, ಶಾರ್ಕ್, ವಾಟರ್. ಶಾರ್ಕೆಂಬ ಮೀನು ಕುಕ್ಕರಹಳ್ಳಿ ಕೆರೆಯಲ್ಲಾಗಲಿ ಕಾರಂಜಿ ಕೆರೆಯಲ್ಲಾಗಲಿ ಇಲ್ಲವಷ್ಟೆ. ಅದು ಹೋಗಲಿ. ‘ವಾಟರ್’ ಎಂಬುದು ಹಾಗೆ ಹೋಗಲೊಲ್ಲದು. ಒಂದು ಮಧ್ಯಾಹ್ನ ಮಗುವು ನಮ್ಮ ತಾಯಿಯವರ ಮಂಚದ ಬಳಿಗೆ ಹೋಗಿ ಅದನ್ನೇ ಹತ್ತು ಸಲ ಕೇಳಿತು. “ಏನು ಬೇಕೇ ಪುಟ್ಟೀ, ದೊಡ್ಡಜ್ಜಿಗೆ ಅರ್ಥವಾಗ್ಲಿಲ್ವಲ್ಲೇ” ಎಂದು ಅವರೂ ಹತ್ತು ಸಲ ಕೇಳಿದರು. ನೀರಿನ ಚೊಂಬು ಅವರ ಕೈಗೆಟಕುವ ಕಡೆಯಲ್ಲಿಯೇ ಇದ್ದಿತು. ಮಗುವು ಅಳುತ್ತ ಒಳಕ್ಕೆ ಓಡಿತು. ಮುದುಕಿಯು ಗೋಡೆಯ ಕಡೆಗೆ ತಿರುಗಿ ಮಲಗಿದರು. ಇವರಿಬ್ಬರೂ ಒಂದೇ ಮನೆಯಲ್ಲಿ ಒಟ್ಟಿಗೆ ಇರಬಹುದಾದ ಕಾಲವು ಇನ್ನೆಷ್ಟು ವರ್ಷವೆಂಬುದನ್ನು ಲೆಕ್ಕಹಾಕಲು ಗಣಿತಶಾಸ್ತ್ರವು ಬೇಕಾಗಿಲ್ಲ. ಆದುದರಿಂದಲೇ ಈ ಲೇಖನ.

ಆ ಶಬ್ದಗಳು ಎಲ್ಲಿಂದ ಬಂದುವೆಂಬುದು ವಾಚಕರಿಗೆ ಆಗಲೇ ತಿಳಿದಿರಬೇಕು. ಊಟದ ಹೊತ್ತಿನಲ್ಲಿ ಮಗುವಿನ ಮುಂದೆ ಮೊಬೈಲನ್ನು ಒರಗಿಸಿ ನಿಲ್ಲಿಸುವ ಪದ್ಧತಿಯು ಈಗ ಮನೆಮನೆಯಲ್ಲಿಯೂ ಉಂಟು. ಸೊಸೆಯನ್ನು ದೂರುವುದು ಇಲ್ಲಿ ಅತ್ಯಂತ ಸುಲಭವಾದ ಕಾರ್ಯ. ನಮ್ಮ ವಯಸ್ಸಿನವರು ಉದ್ಯಾನವನದ ಕಲ್ಲುಬೆಂಚಿನ ಮೇಲೆ ಕುಳಿತು ಪ್ರತಿದಿನವೂ ಮಾಡುವ ಕಾರ್ಯವೂ ಅದೇ. ಆದರೆ ಆಕೆಯು ನಮಗೆ ಹೇಳಿದ ಮಾತನ್ನು ಇದ್ದಂತೆಯೇ ಕೊಡುವೆವು: “ಮಾವ, ಬೆಳಗ್ಗೆ ಐದೂವರೆಯಿಂದ ಒಂದು ನಿಮಿಷ ಕೂತಿಲ್ಲ. ಹತ್ತು ನಿಮಿಷದಲ್ಲಿ ಅವಳ ಹೊಟ್ಟೆ ತುಂಬಿದರೆ ಸಾಕು ಅನ್ನಿಸುತ್ತೆ.” ಇದಕ್ಕೆ ಪ್ರತ್ಯುತ್ತರವು ನಮ್ಮಲ್ಲಿ ಇರಲಿಲ್ಲ.

ಮಗುವಿನ ಗಮನವನ್ನು ಬೇರೆ ಕಡೆಗೆ ಸೆಳೆದು ತುತ್ತಿಡುವುದು ಹೊಸ ಉಪಾಯವೇನೂ ಅಲ್ಲ. ನಮ್ಮ ಅಜ್ಜಿಯರು ಅಂಗಳದಲ್ಲಿ ನಿಂತು ಚಂದ್ರನನ್ನು ತೋರಿಸಿದರು, ಕಾಗೆಯನ್ನು ಕರೆದರು, ಬೀದಿಯ ಹಸುವಿಗೂ ಒಂದು ಪಾಲನ್ನು ಕೊಟ್ಟಂತೆ ನಟಿಸಿದರು. ಹಾಗಾದರೆ ಚಂದ್ರನಿಗೂ ಮೊಬೈಲಿಗೂ ಏನು ಭೇದ, ಎರಡೂ ಹೊಳೆಯತಕ್ಕವೇ ಅಲ್ಲವೆ, ಎಂದು ಮಗನು ನಮ್ಮನ್ನು ಕೇಳಿದನು. ಪ್ರಶ್ನೆಯು ಯುಕ್ತವಾದುದು. ಚಂದ್ರನು ತಾನಾಗಿ ಏನನ್ನೂ ಹೇಳನು, ಹಾಡನು, ಕ್ಷಣಕ್ಕೊಂದು ಬಣ್ಣವನ್ನು ತಾಳನು. ಅವನನ್ನು ಸ್ವಾರಸ್ಯವುಳ್ಳವನನ್ನಾಗಿ ಮಾಡುವ ಭಾರವೆಲ್ಲ ತುತ್ತಿಡುವವಳದು. ಅವನು ಏಕೆ ಮೋಡದಲ್ಲಿ ಅಡಗಿದನು, ಅವನ ಮಡಿಲಲ್ಲಿರುವ ಮೊಲಕ್ಕೆ ಹಸಿವಾಯಿತೋ ಏನೋ, ನಾಳೆ ನಮ್ಮ ಮನೆಗೆ ಬರುವನೋ ಬಾರನೋ, ಎಂದು ಆಕೆಯು ಮಾತನ್ನು ಹೆಣೆಯುತ್ತಲೇ ಇರಬೇಕು. ಮಗುವು ಕೈತೋರಿದ ಕಡೆಗೆ ತಾನೂ ನೋಡಬೇಕು. ಅದು ‘ಊಂ’ ಎಂದರೆ ತಾನೂ ‘ಊಂ’ ಎನ್ನಬೇಕು. ಮೊಬೈಲಾದರೋ ಸ್ವಯಂಪೂರ್ಣ. ಅದು ಮಗುವಿಗೆ ಎಲ್ಲವನ್ನೂ ಹೇಳುವುದು. ಮಗುವಿನಿಂದ ಏನನ್ನೂ ಕೇಳದು.

ಇದು ಮುದುಕರ ಹಳಹಳಿಕೆಯೆಂದು ತಳ್ಳಿಬಿಡುವವರಿಗೆ ಒಂದು ಪ್ರಯೋಗವನ್ನು ತಿಳಿಸುವೆವು. ಅಮೆರಿಕದ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪೆಟ್ರೀಶಿಯಾ ಕೂಲ್ ಎಂಬ ವಿದುಷಿಯೂ ಆಕೆಯ ಸಹಚರರೂ ೨೦೦೩ರಲ್ಲಿ ಇದನ್ನು ಪ್ರಕಟಿಸಿದರು. ಇಂಗ್ಲಿಷನ್ನೇ ಆಡುವ ಮನೆಗಳ ಒಂಬತ್ತು ತಿಂಗಳ ಶಿಶುಗಳನ್ನು ಕರೆತಂದು, ಚೀನೀಭಾಷೆಯವರು ಅವುಗಳ ಎದುರಿಗೆ ಕುಳಿತು, ಪುಸ್ತಕ ತೋರಿಸಿ, ಬೊಂಬೆ ಆಡಿಸಿ, ತಮ್ಮ ಭಾಷೆಯಲ್ಲಿ ಮಾತನಾಡಿದರು. ಇಪ್ಪತ್ತೈದು ನಿಮಿಷದ ಕೂಟ, ಅಂಥವು ಹನ್ನೆರಡು. ಇಷ್ಟರಿಂದಲೇ ಆ ಶಿಶುಗಳು ಇಂಗ್ಲಿಷಿನಲ್ಲಿಲ್ಲದ ಚೀನೀ ಧ್ವನಿಗಳ ಸೂಕ್ಷ್ಮಭೇದವನ್ನು ಗುರುತಿಸತೊಡಗಿದುವು. ಅದೇ ಜನರ ಅದೇ ಮಾತನ್ನು, ಅಷ್ಟೇ ಹೊತ್ತು, ಟೀವಿಯಲ್ಲಿ ತೋರಿಸಿದ ಮತ್ತೊಂದು ಗುಂಪಿನ ಶಿಶುಗಳು ಏನನ್ನೂ ಕಲಿಯಲಿಲ್ಲ; ಬರಿಯ ಧ್ವನಿಯನ್ನು ಕೇಳಿಸಿದ ಗುಂಪಿನವೂ ಕಲಿಯಲಿಲ್ಲ. ಮಾತು ಅದೇ, ಮುಖವೂ ಅದೇ. ಎದುರಿಗೆ ಪ್ರಾಣವುಳ್ಳ ಮನುಷ್ಯನು ಇದ್ದುದೊಂದೇ ವ್ಯತ್ಯಾಸ.

ಗರ್ಭದಲ್ಲಿದ್ದಾಗಲೇ ಚಕ್ರವ್ಯೂಹದ ವಿಷಯವನ್ನು ಕೇಳಿಸಿಕೊಂಡ ಅಭಿಮನ್ಯುವಿನ ಕಥೆಯನ್ನು ನಂಬುವ ನಮ್ಮ ಜನರಿಗೆ ಇದರಲ್ಲಿ ಆಶ್ಚರ್ಯವಾಗಬಾರದು. ೧೯೮೬ರಲ್ಲಿ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಎಂಬ ಇಬ್ಬರು ಸಂಶೋಧಕರು, ತಾಯಂದಿರು ಬಸಿರಿನ ಕೊನೆಯ ಆರು ವಾರಗಳಲ್ಲಿ ಗಟ್ಟಿಯಾಗಿ ಓದಿದ ಕಥೆಯನ್ನು ಹುಟ್ಟಿದ ಶಿಶುಗಳು ಬೇರೆ ಕಥೆಗಿಂತ ಹೆಚ್ಚಾಗಿ ಬಯಸುವುವೆಂಬುದನ್ನು ತೋರಿಸಿಕೊಟ್ಟರು. ವ್ಯೂಹಭೇದನದ ಯುಕ್ತಿಯನ್ನು ಅವು ಕಲಿತುವೆಂದು ಅವರು ಹೇಳಲಿಲ್ಲ. ಆದರೆ ಕಿವಿಯು ಹುಟ್ಟುವ ಮೊದಲೇ ತೆರೆದಿರುವುದೆಂಬುದು ಸ್ಥಿರವಾಯಿತು. ಇನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಕೊಟ್ಟ ಸೂಚನೆಯಂತೆ ಒಂದು ವರ್ಷದ ಮಗುವಿಗೆ ಇಂಥ ಪರದೆಗಳ ಸಹವಾಸವೇ ಸಲ್ಲದು. ಎರಡು ವರ್ಷದಿಂದ ನಾಲ್ಕು ವರ್ಷದ ತನಕ ದಿನಕ್ಕೆ ಒಂದು ಗಂಟೆಗೆ ಮೀರಕೂಡದು, ಅದಕ್ಕಿಂತ ಕಡಮೆಯಾದಷ್ಟೂ ಒಳ್ಳೆಯದು.

ಎರಡು ವರ್ಷ ದಾಟಿದ ಮಕ್ಕಳು ಪರದೆಯಿಂದ ಶಬ್ದಗಳನ್ನು ಹೆಕ್ಕಿಕೊಳ್ಳುವುದೇ ಇಲ್ಲವೆಂದು ನಾವು ವಾದಿಸೆವು. ನಮ್ಮ ಹಾಳೆಯೇ ಅದಕ್ಕೆ ವಿರುದ್ಧವಾದ ಸಾಕ್ಷಿ. ಆದರೆ ಆ ಹಾಳೆಯನ್ನು ವೈಯಾಕರಣರ ಕಣ್ಣಿನಿಂದ ನೋಡಿದಾಗ ನಮಗೊಂದು ಸಂಗತಿಯು ಕಂಡಿತು. ಮೊಬೈಲಿನಿಂದ ಬಂದ ಶಬ್ದಗಳೆಲ್ಲವೂ ನಾಮಪದಗಳು, ಬಣ್ಣದ ಹೆಸರುಗಳು, ಒಂದರಿಂದ ಹತ್ತರವರೆಗಿನ ಸಂಖ್ಯೆಗಳು. ಕನ್ನಡದಲ್ಲಿದ್ದ ಅಲ್ಪಸ್ವಲ್ಪ ಶಬ್ದಗಳಾದರೋ ಬೇರೆಯೇ ಜಾತಿಯವು: ಬಾ, ಕೊಡು, ಎತ್ಕೋ, ಅಮ್ಮಾ, ತಾತಾ, ಬೇಡ. ಕ್ರಿಯಾಪದವೂ ಸಂಬೋಧನೆಯೂ ನಿಷೇಧವೂ ಮನುಷ್ಯರಿಂದ ಬಂದುವು. ಸಾಧನವು ಕಲಿಸಿದುದು ಪ್ರಥಮಾವಿಭಕ್ತಿಯೊಂದನ್ನೇ. ಹೆಸರುಗಳನ್ನು ಬಲ್ಲ ಮಗುವನ್ನು ನೆಂಟರ ಮುಂದೆ ನಿಲ್ಲಿಸಿ ಮೆಚ್ಚಿಸಬಹುದು. ಆದರೆ ಕರೆಯಲು, ಬೇಡಲು, ಬೇಡವೆನ್ನಲು ಬಂದರಲ್ಲವೆ ಮಾತು ಬಂದಿತೆಂಬುದು? ನಮ್ಮ ಮಗುವಿನ ಅತ್ಯಂತ ಪ್ರಿಯವಾದ ಪದವು ಇಂದಿಗೂ ‘ಬೇಡ’ ಎಂಬುದೇ. ಅದನ್ನು ಯಾವ ಸಾಧನವೂ ಕಲಿಸಬೇಕಾಗಲಿಲ್ಲ.

ಶಾರ್ಕಿನ ಪ್ರಸ್ತಾಪ ಬಂದುದರಿಂದ ಆ ಹಾಡಿನ ವಿಷಯವಾಗಿ ಎರಡು ಮಾತು. ‘ಬೇಬಿ ಶಾರ್ಕ್’ ಎಂಬ ಈ ಕುಣಿತದ ಹಾಡನ್ನು ದಕ್ಷಿಣ ಕೊರಿಯಾದ ಪಿಂಕ್‌ಫಾಂಗ್ ಎಂಬ ಸಂಸ್ಥೆಯು ೨೦೧೬ರಲ್ಲಿ ಯೂಟ್ಯೂಬಿಗೆ ಏರಿಸಿತು. ೨೦೨೦ರ ನವೆಂಬರಿನಲ್ಲಿ ಅದು ಆ ತಾಣದಲ್ಲಿಯೇ ಅತ್ಯಂತ ಹೆಚ್ಚಾಗಿ ನೋಡಲ್ಪಟ್ಟುದಾಯಿತು. ೨೦೨೨ರ ಜನವರಿಯಲ್ಲಿ ನೋಟಗಳ ಸಂಖ್ಯೆಯು ಒಂದು ಸಾವಿರ ಕೋಟಿಯನ್ನು ದಾಟಿತು. ಭೂಮಂಡಲದ ಜನಸಂಖ್ಯೆಯೇ ಆಗ ಎಂಟುನೂರು ಕೋಟಿಯಷ್ಟು. ಕುಂಬಳಕಾಯಿಯ ಪಲ್ಯವನ್ನು ಬಾಯಿಗಿಡುವ ಸಲುವಾಗಿ ಎಷ್ಟು ದೇಶಗಳ ತಾಯಂದಿರು ಆ ಮೀನನ್ನು ಕರೆದಿರಬಹುದೆಂದು ಯೋಚಿಸಿದರೆ ನಮಗೆ ಕೋಪಕ್ಕಿಂತ ಮರುಕವೇ ಹೆಚ್ಚಾಗುವುದು. ಇಷ್ಟು ಮಂದಿ ಹೆತ್ತವರಿಗೆ ಒಂದೇ ಬಗೆಯ ದಣಿವು! ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಬಾಲ್ಯದಲ್ಲಿ ಓದಿದವರಿಗೆ ಮಕ್ಕಳೆಲ್ಲ ಒಂದು ನಾದದ ಹಿಂದೆ ಹೊರಟುಹೋದುದರ ನೆನಪು ಇರುವುದಷ್ಟೆ; ಆ ಜೋಗಿಯ ಸಂಬಳವನ್ನು ಊರಿನವರು ಕೊಡದೆ ಹೋದುದೇ ಆ ಅನರ್ಥಕ್ಕೆ ಕಾರಣವಾಗಿತ್ತು. ನಾವು ಕೊಡದೆ ಉಳಿಸಿಕೊಂಡಿರುವ ಸಂಬಳ ಯಾವುದೆಂಬುದನ್ನು ಮುಂದೆ ಹೇಳುವೆವು.

ಕನ್ನಡದಲ್ಲಿ ಮಕ್ಕಳ ಹಾಡಿಗೆ ದಾರಿದ್ರ್ಯವಿಲ್ಲ. ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಬರೆದಿಟ್ಟುದು ಮೂರು ತಲೆಮಾರಿನ ಮಕ್ಕಳಿಗೆ ಸಾಲುವಷ್ಟು ಆಯಿತು. ಆದರೆ ಈ ಕಾಲದ ಮಕ್ಕಳ ಚಲಿಸುವ ಚಿತ್ರಗಳ ಪ್ರಪಂಚದಲ್ಲಿ ಕನ್ನಡವು ಬಹುಕಾಲ ಹಿಂದೆ ಉಳಿಯಿತು; ಅದಕ್ಕೆ ರಾಜಕೀಯವೂ ಸಿನಿಮಾವೂ ಕೂಡಿದ ಕಾರಣವೊಂದುಂಟು. ೧೯೬೦ರ ದಶಕದಲ್ಲಿ ಅ. ನ. ಕೃಷ್ಣರಾಯರೇ ಮೊದಲಾದವರು ಪರಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿಯನ್ನು ಅಂಟಿಸುವ ಡಬ್ಬಿಂಗಿನ ವಿರುದ್ಧ ಚಳವಳಿ ಹೂಡಿದರು. ಎಳೆಯದಾಗಿದ್ದ ಕನ್ನಡ ಚಿತ್ರರಂಗವನ್ನು ಉಳಿಸುವುದೇ ಅವರ ಉದ್ದೇಶ. ಅಂದಿಗೆ ಅದು ನ್ಯಾಯವಾಗಿಯೇ ಇದ್ದಿತು. ಮುಂದೆ ದಶಕಗಳ ಕಾಲ ಆ ತಡೆಯು ಅಲಿಖಿತವಾದ ಶಾಸನದಂತೆ ನಡೆದುಬಂದಿತು. ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇಂಥ ತಡೆಯು ಸ್ಪರ್ಧಾನಿಯಮಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ೨೦೨೦ರಲ್ಲಿ ಜನರೆಲ್ಲ ಮನೆಯಲ್ಲಿಯೇ ಕೂರಬೇಕಾಗಿ ಬಂದಾಗ ಮಹಾಭಾರತದ ಹಿಂದೀ ಧಾರಾವಾಹಿಯು ಕನ್ನಡದಲ್ಲಿ ಮಾತನಾಡಿ ಜನಪ್ರಿಯವಾಯಿತು. ಅದಕ್ಕೂ ಹಿಂದೆ, ೨೦೦೯ರಲ್ಲಿ, ಮಕ್ಕಳಿಗಾಗಿಯೇ ಕನ್ನಡದಲ್ಲಿ ಚಿಂಟು ಟೀವಿಯು ಹುಟ್ಟಿದ್ದೇನೋ ಉಂಟು. ಒಟ್ಟಿನಲ್ಲಿ, ದೊಡ್ಡವರ ನಟರನ್ನು ಕಾಪಾಡುವ ಗಲಾಟೆಯಲ್ಲಿ ತೊಟ್ಟಿಲಲ್ಲಿದ್ದವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅವರು ಸದ್ದಿಲ್ಲದೆ ಹಿಂದಿಗೂ ಇಂಗ್ಲಿಷಿಗೂ ಹೋದರು.

ಸಿನಿಮಾವೆಂದರೆ ಕೆಡುಕೇ ಎಂಬ ಮಡಿವಂತಿಕೆಯು ನಮಗಿಲ್ಲ. ೨೦೨೨ರಲ್ಲಿ ‘ಕಾಂತಾರ’ ಚಿತ್ರವು ಬಂದಂದಿನಿಂದ ನಾಡಿನ ಮಕ್ಕಳೆಲ್ಲ ಆ ದೈವದ ಕೂಗನ್ನು ಕೂಗುವವರೇ. ಆಗ ಇನ್ನೂ ಹುಟ್ಟಿಯೇ ಇರದಿದ್ದ ನಮ್ಮ ಮೊಮ್ಮಗಳೂ ಅದನ್ನು ಎಲ್ಲಿಂದಲೋ ಕಲಿತು ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕೂಗುವಳು. ತುಳುನಾಡಿನಲ್ಲಿ ವ್ರತನಿಯಮಗಳಿಂದ ಬದ್ಧರಾದವರು ಕೋಲದ ರಾತ್ರಿಯಲ್ಲಿ ಮಾತ್ರ ಹೊರಡಿಸತಕ್ಕ ಆ ಧ್ವನಿಯು ಹೀಗೆ ಅಡಿಗೆಮನೆಯ ಬಾಗಿಲಲ್ಲಿ ಕೇಳಿದಾಗ ನಮಗೆ ಸ್ವಲ್ಪ ಇರುಸುಮುರುಸಾಗುವುದು ನಿಜ. ಆದರೆ ಮಗುವಿಗೆ ಅದು ದೈವವೂ ಅಲ್ಲ, ಸಿನಿಮಾವೂ ಅಲ್ಲ. ಕೇಳಿದೊಡನೆ ದೊಡ್ಡವರೆಲ್ಲರೂ ಕೆಲಸ ಬಿಟ್ಟು ತನ್ನ ಕಡೆಗೆ ತಿರುಗುವ ಒಂದು ಶಬ್ದ, ಅಷ್ಟೆ. ನಮ್ಮ ಬೀದಿಯ ತಿರುವಿನ ಆಟೋ ನಿಲ್ದಾಣದಲ್ಲಿ, ೨೦೨೧ರ ಅಕ್ಟೋಬರ್ ೨೯ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರ ದೊಡ್ಡ ಚಿತ್ರವೊಂದುಂಟು. ಆಟೋದವರೊಬ್ಬರು ಮಗುವನ್ನು ಎತ್ತಿಕೊಂಡು, “ಯಾರಮ್ಮಾ ಇದು? ಅಪ್ಪು ಮಾಮ” ಎಂದು ದಿನವೂ ಹೇಳಿಕೊಟ್ಟರು. ಬಾಲನಟನಾಗಿ ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಆ ಮಹಾನುಭಾವನು ತೀರಿಕೊಂಡ ಮೇಲೆ ಹುಟ್ಟಿದ ಈ ಕೂಸು, ಈಗ ಆ ದಾರಿಯಲ್ಲಿ ಹೋಗುವಾಗಲೆಲ್ಲ ಚಿತ್ರಕ್ಕೆ ಕೈಮುಗಿದು “ಅಪ್ಪು ಮಾಮ, ಟಾಟಾ” ಎನ್ನುವುದು. ಇದೂ ಸಿನಿಮಾದ ಪಾಠವೇ. ಆದರೆ ಒಬ್ಬ ಮನುಷ್ಯನ ತೋಳಿನ ಮೇಲೆ ಕುಳಿತು ಕಲಿತುದು. ಇದರಲ್ಲಿ ಸಂಬೋಧನೆಯುಂಟು, ಬೀಳ್ಕೊಡುಗೆಯುಂಟು.

ಇನ್ನು ರಾಜಕೀಯ. ೨೦೨೩ರಿಂದೀಚೆಗೆ ನಮ್ಮ ಮನೆಯಲ್ಲಿ ಭಾನುವಾರದ ಊಟದ ತರುವಾಯ ನಡೆಯುವ ಚರ್ಚೆಗೆ ವಿಷಯವು ಹೆಚ್ಚಾಗಿ ಗ್ಯಾರಂಟಿಗಳೇ. ಮನೆಯೊಡತಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಕೊಡುವ ಗೃಹಲಕ್ಷ್ಮಿ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ, ಇವು ನಾಡಿಗೆ ಒಳ್ಳೆಯವೋ ಕೆಟ್ಟವೋ ಎಂಬುದರಲ್ಲಿ ನಮ್ಮ ಮಗನಿಗೂ ಅಳಿಯಂದಿರಿಗೂ ಎಣ್ಣೆ ಸೀಗೆಕಾಯಿ. ಟೀವಿಯಲ್ಲಿ ಅದೇ ವಿಷಯದ ಮೇಲೆ ಆರು ಮಂದಿ ಒಟ್ಟಿಗೆ ಕಿರಚುತ್ತಿರುವರು. ಅವರನ್ನು ಮೀರಿಸಿ ಇವರಿಬ್ಬರು. ಒಂದು ಭಾನುವಾರ ಮಗನು ಬೆರಳೆತ್ತಿ, “ಭಾವ, ಸುಮ್ನಿರಿ, ನಿಮಗೆ ಗೊತ್ತಾಗಲ್ಲ” ಎಂದನು. ಮಗುವು ಮೂಲೆಯಲ್ಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಿತು. ತಲೆಯನ್ನು ಕೂಡ ಎತ್ತಲಿಲ್ಲ.

ಎರಡು ದಿನವಾದ ಮೇಲೆ ನಮ್ಮ ತಾಯಿಯವರು ಯಾವುದೋ ಹಳೆಯ ಮದುವೆಯ ಕಥೆಯನ್ನು ಹೇಳುತ್ತಿದ್ದಾಗ ಆ ಕೂಸು ಎದ್ದು ನಿಂತು, ತಂದೆಯ ಬೆರಳನ್ನೇ ಎತ್ತಿ, “ಸುಮ್ನಿರಿ! ಗೊತ್ತಾಗಲ್ಲ!” ಎಂದಿತು. ಬಹುವಚನವು ಕೆಟ್ಟಿರಲಿಲ್ಲವೆಂಬುದೊಂದೇ ಸಮಾಧಾನ. ಎಲ್ಲರೂ ನಕ್ಕೆವು. “ಆಗ್ಲಿ ತಾಯಿ, ಸುಮ್ನಿರ್ತೀನಿ” ಎಂದು ಅವರೂ ನಕ್ಕರು. ಆದರೆ ಅಂದಿನ ಕಥೆಯನ್ನು ಮುಂದುವರಿಸಲಿಲ್ಲ, ಮರುದಿನವೂ ಇಲ್ಲ. ಮಗನು ಆ ವಾರದಿಂದ ಅಳಿಯಂದಿರೊಡನೆ ವಾದವನ್ನು ನಿಲ್ಲಿಸಿಲ್ಲ. ಆದರೆ ಬೆರಳನ್ನು ಎತ್ತುವುದನ್ನು ನಿಲ್ಲಿಸಿರುವನು.

ನಮಗೆ ವಿಚಿತ್ರವಾಗಿ ತೋರುವುದೇನೆಂದರೆ, ಮಗುವಿನ ಎದುರಿಗೆ ಇಷ್ಟೊಂದು ರಾಜಕೀಯವು ನಡೆದರೂ, ಮಗುವಿಗೆ ಸಂಬಂಧಿಸಿದ ರಾಜಕೀಯವು ಅದರಲ್ಲಿ ಒಂದು ದಿನವೂ ಬಾರದು. ಬರಬೇಕಾದುದು ಬೇಕಾದಷ್ಟುಂಟು. ದೇಶದಲ್ಲಿ ಅಂಗನವಾಡಿಗಳ ಯೋಜನೆಯು ೧೯೭೫ರ ಅಕ್ಟೋಬರ್ ೨ರಂದು ಮೂವತ್ತಮೂರು ಕಡೆಗಳಲ್ಲಿ ಪ್ರಯೋಗಾರ್ಥವಾಗಿ ಆರಂಭವಾದಾಗ, ಆ ಮೂವತ್ತಮೂರರಲ್ಲಿ ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದಾಗಿದ್ದಿತು. ಈ ಹೆಮ್ಮೆಯನ್ನು ಮೈಸೂರಿನ ಎಷ್ಟು ಮಂದಿ ಗೃಹಸ್ಥರು ಬಲ್ಲರು? ಕೂಲಿಗೆ ಹೋಗುವ ಹಳ್ಳಿಯ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ರಾಜ್ಯಸರ್ಕಾರವು ೨೦೨೩ರಲ್ಲಿ ಸಾರಿತು. ಹೆಸರನ್ನಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಪಟ್ಟಣದಲ್ಲಿ ದುಡಿಯುವ ತಾಯಿಗೆ ೨೦೧೭ರ ತಿದ್ದುಪಡಿಯು ಹೆರಿಗೆಯ ರಜೆಯನ್ನು ಹನ್ನೆರಡು ವಾರಗಳಿಂದ ಇಪ್ಪತ್ತಾರು ವಾರಗಳಿಗೆ ಏರಿಸಿತು. ಐವತ್ತು ಮಂದಿಗೆ ಕಡಮೆಯಿಲ್ಲದೆ ದುಡಿಯುವ ಕಡೆಯಲ್ಲಿ ಶಿಶುವಿಹಾರವಿರತಕ್ಕದ್ದೆಂದೂ, ತಾಯಿಯು ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದೆಂದೂ ವಿಧಿಸಿತು. ಅಕ್ಷರವು ಸುಂದರವಾಗಿದೆ.

ನಮ್ಮ ಗೃಹ್ಯಸೂತ್ರಗಳು ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನು ಹೇಳುವುವು. ಹೆರಿಗೆಗೆ ಮುನ್ನವೇ ಕೆಲವು ವಾರಗಳು ಕಳೆದುಹೋದುದರಿಂದ, ಸೊಸೆಯು ಕಚೇರಿಗೆ ಮರಳಿದಾಗ ಮಗುವು ಇನ್ನೂ ಅನ್ನದ ರುಚಿಯನ್ನೇ ಕಂಡಿರಲಿಲ್ಲ. ಅವಳ ಕಚೇರಿಯಲ್ಲಿ ಶಿಶುವಿಹಾರವೆಲ್ಲಿ ಎಂದು ಕೇಳಿದರೆ ಒಬ್ಬರ ಮುಖವನ್ನು ಒಬ್ಬರು ನೋಡಿದರಂತೆ. ತಂದೆಯ ವಿಷಯವು ಇನ್ನೂ ಸ್ವಾರಸ್ಯ: ಕೇಂದ್ರ ಸರ್ಕಾರದ ನೌಕರನಾದರೆ ಹದಿನೈದು ದಿನಗಳ ಪಿತೃತ್ವದ ರಜೆ, ನಮ್ಮ ಮಗನಂತೆ ಖಾಸಗಿಯವನಾದರೆ ಧಣಿಯ ಚಿತ್ತ. ಅವನಿಗೆ ಐದು ದಿನ ದೊರೆತುವು. ಅದರಲ್ಲಿ ಎರಡು ಭಾನುವಾರಕ್ಕೆ ಸೇರಿಕೊಂಡಿದ್ದುವೆಂದು ಅವನು ಇಂದಿಗೂ ಗೊಣಗುವನು.

ಭಾಗವತದ ದಶಮಸ್ಕಂಧದಲ್ಲಿ ಯಶೋದೆಯು ಕೃಷ್ಣನನ್ನು ಒರಳಿಗೆ ಕಟ್ಟಿದ ಕಥೆಯನ್ನು ಎಲ್ಲರೂ ಬಲ್ಲರು. ಹಗ್ಗವು ಎರಡು ಅಂಗುಲ ಸಾಲದೆ ಹೋದುದನ್ನು ಹರಿಕಥೆಯವರು ಭಕ್ತಿಯಿಂದ ವಿಸ್ತರಿಸುವರು. ಆದರೆ ಕಥೆಯು ಮೊದಲಾಗುವುದು ಎಲ್ಲಿಂದ? ಒಲೆಯ ಮೇಲಿನ ಹಾಲು ಉಕ್ಕಿದುದರಿಂದ. ಮೊಲೆಯುಣ್ಣುತ್ತಿದ್ದ ಮಗುವನ್ನು ಕೆಳಗಿಳಿಸಿ ಆಕೆಯು ಹಾಲಿನ ಕಡೆಗೆ ಓಡಿದಳು. ಮಗುವು ಮುನಿದು ಮೊಸರಿನ ಗಡಿಗೆಯನ್ನು ಒಡೆಯಿತು. ಮಗುವು ಎಷ್ಟು ದೊಡ್ಡ ದೈವವಾದರೂ ಒಲೆಯ ಮೇಲಿನ ಹಾಲು ಕಾಯದು. ಹಾಲು ಉಕ್ಕಿದಾಗ ಮಗುವನ್ನು ಒಂದು ಕಡೆ ನಿಲ್ಲಿಸಲು ತಾಯಿಗೆ ಏನಾದರೊಂದು ಬೇಕೇ ಬೇಕು. ಗೋಕುಲದಲ್ಲಿ ಒರಳಿದ್ದಿತು, ಇಂದು ಮೊಬೈಲು ಇರುವುದು. ಒರಳಾದರೋ ಮಾತಾಡಲಿಲ್ಲ, ಹಾಡಲಿಲ್ಲ. ಬೇಸತ್ತ ಮಗುವು ಅದನ್ನೇ ಎಳೆದುಕೊಂಡು ಅಂಗಳಕ್ಕೆ ಹೊರಟಿತು, ಎರಡು ಮತ್ತಿಯ ಮರಗಳನ್ನೂ ಉರುಳಿಸಿತು. ಮೊಬೈಲಿಗೆ ಕಟ್ಟಿದ ಮಗುವು ಎಲ್ಲಿಗೂ ಹೊರಡದು. ಅದೇ ಅದರ ಅನುಕೂಲ, ಅದೇ ಅದರ ಕೇಡು. ಕಿಂದರಿಜೋಗಿಯ ಸಂಬಳವೆಂದು ನಾವು ಹಿಂದೆ ಸೂಚಿಸಿದುದು ಇದನ್ನೇ. ಮಗುವಿನ ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ಬಿಡುವಾಗಿ ಕೂರಿಸುವುದಕ್ಕೆ ತಗಲುವ ವೆಚ್ಚವನ್ನು ಸರ್ಕಾರವೂ ಕೊಡದು, ಧಣಿಯೂ ಕೊಡನು, ಗಂಡಸರಂತೂ ಹಿಂದಿನಿಂದಲೂ ಕೊಟ್ಟವರಲ್ಲ. ಎಲ್ಲವೂ ಒಬ್ಬಳ ಲೆಕ್ಕಕ್ಕೆ ಬೀಳುವುದು. ಅವಳು ಐದು ಅಂಗುಲದ ಗಾಜಿನ ತುಂಡಿಗೆ ಆ ಕೆಲಸವನ್ನು ಒಪ್ಪಿಸಿದರೆ ದೂರುವ ಹಕ್ಕು ಯಾರಿಗೆ?

ಭಾಷೆಯ ಹೋರಾಟದ ವಿಷಯದಲ್ಲಿಯೂ ಹೀಗೆಯೇ. ೧೯೮೨ರಲ್ಲಿ ಗೋಕಾಕ್ ವರದಿಯ ಪರವಾಗಿ ರಾಜ್‌ಕುಮಾರ್ ಅವರು ಊರೂರು ಸಂಚರಿಸಿದಾಗ ನಾವು ಹದಿನೇಳರ ಹುಡುಗರು. ಗಂಟಲು ಕಟ್ಟುವಷ್ಟು ಕೂಗಿಕೊಂಡು ಮೆರವಣಿಗೆಯಲ್ಲಿ ನಡೆದವರು. ಪ್ರಾಥಮಿಕ ಶಿಕ್ಷಣದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರವು ಕಡ್ಡಾಯಪಡಿಸಲಾಗದೆಂದು ೨೦೧೪ರ ಮೇ ೬ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠವು ತೀರ್ಪು ಕೊಟ್ಟಾಗ ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಸೂತಕದ ಕಳೆ ಇದ್ದಿತು. ಆ ತೀರ್ಪು ಸರಿಯೋ ತಪ್ಪೋ, ಶಾಲೆಗೆ ಸೇರುವ ಮಗುವಿಗೆ ಸಂಬಂಧಿಸಿದುದು. ಶಾಲೆಗೆ ಮೊದಲಿನ ಮೂರು ವರ್ಷಗಳ ಮಾಧ್ಯಮವನ್ನು ಯಾವ ನ್ಯಾಯಾಲಯವೂ ನಿರ್ಣಯಿಸಿಲ್ಲ. ಅದು ತುತ್ತಿಡುವ ಹೊತ್ತಿನಲ್ಲಿ ನಿರ್ಣಯವಾಗುವುದು. ಅಂದು ಮೆರವಣಿಗೆಯಲ್ಲಿ ಕೂಗಿದವರ ಮೊಮ್ಮಕ್ಕಳು ಇಂದು ‘ವಾಟರ್’ ಕೇಳುತ್ತಿರುವರು.

ಇಷ್ಟನ್ನೂ ಮನೆಯವರೆಲ್ಲರೂ ಕೂಡಿ ಮಾತಾಡಿಕೊಂಡು, ನಾವು ಮಾಡಿಕೊಂಡ ಏರ್ಪಾಡು ಅತ್ಯಲ್ಪವಾದುದು. ಸಂಜೆ ಏಳರಿಂದ ಎಂಟರ ತನಕ ಮನೆಯ ಮೊಬೈಲುಗಳೆಲ್ಲವೂ, ಮಗನದೂ ಸೇರಿ, ಹಳೆಯ ಅವಲಕ್ಕಿ ಡಬ್ಬಿಯೊಳಗೆ ಇರತಕ್ಕುದು. ಮಗುವಿಗೆ ತುತ್ತಿಡುವ ಕೆಲಸವು ವಾರದಲ್ಲಿ ಮೂರು ದಿನ ತಂದೆಯದು. ಮೊದಲ ವಾರದಲ್ಲಿ ಅನ್ನವು ಮಗುವಿಗಿಂತ ನೆಲಕ್ಕೆ ಹೆಚ್ಚು ಬಿದ್ದಿತು. ಉಳಿದ ದಿನಗಳಲ್ಲಿ ನಾವೂ ನಮ್ಮ ಗೃಹಿಣಿಯೂ. ಊಟವು ಹತ್ತು ನಿಮಿಷದಲ್ಲಿ ಮುಗಿಯುವುದಿಲ್ಲ, ನಲವತ್ತು ನಿಮಿಷವಾಗುವುದು. ಆ ಹೊತ್ತಿನಲ್ಲಿ ಸೊಸೆಯು ಕಾಲು ಚಾಚಿ ಕೂರುವಳು. ಮೊದಲನೆಯ ದಿನ ಅವಳು ಏನು ಮಾಡಬೇಕೆಂದು ತೋಚದೆ ಮತ್ತೆ ಎದ್ದು ಪಾತ್ರೆ ತೊಳೆಯಹೋದಳು.

ನಮ್ಮ ತಾಯಿಯವರ ಪಾಲಿಗೆ ಬಂದುದು ಅಂಗೈಯ ಆಟ. ಮಗುವಿನ ಅಂಗೈಯನ್ನು ಬಿಡಿಸಿ, ಅದರ ಮೇಲೆ ಬೆರಳಿನಿಂದ ರಾಗಿ ಬೀಸಿ, ಹಿಟ್ಟು ಕಲಸಿ, ಮುದ್ದೆ ಕಟ್ಟಿ, ಇದು ಅಪ್ಪನಿಗೆ, ಇದು ಅಮ್ಮನಿಗೆ, ಇದು ತಾತನಿಗೆ ಎಂದು ಒಂದೊಂದು ಬೆರಳಿಗೂ ಹಂಚಿ, ಉಳಿದುದನ್ನು ತಿನ್ನಲು ಇಲಿಯೊಂದು ತೋಳಿನ ಮೇಲೆ ಓಡಿಹೋಗಿ ಕಂಕುಳಲ್ಲಿ ಕಚಗುಳಿಯಿಡುವ ತನಕ. ಇದರ ನಡುವೆ ಮಮ್ಮು, ತಾಚಿ, ಜೇಜೆ, ಗುಮ್ಮ ಎಂಬ ಶಬ್ದಗಳೆಲ್ಲ ಬರುವುವು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ; ಆದರೆ ಅವನೂ ಅವುಗಳನ್ನು ಆಡದೆ ದೊಡ್ಡವನಾಗಿರಲಾರನು. ನಾಲ್ಕು ತಿಂಗಳಾದುವು. ಹಾಳೆಯ ಎರಡನೆಯ ಪುಟವನ್ನು ನಾವು ತುಂಬಿಸಿರುವೆವು. ‘ನೀರು’ ಬಂದಿದೆ, ‘ವಾಟರ್’ ಹೋಗಿಲ್ಲ, ಎರಡೂ ಇರಲಿ. ‘ಆಮೇಲೆ?’ ಎಂಬುದು ಹೊಸದಾಗಿ ಬಂದಿದೆ. ಅದು ದೊಡ್ಡಜ್ಜಿಯ ಕಥೆಯು ನಿಂತಾಗ ಮಾತ್ರ ಹೊರಡುವ ಶಬ್ದ.

ಎಲ್ಲವೂ ಸುಸೂತ್ರವೆಂದು ವಾಚಕರು ತಿಳಿಯಬಾರದು. ಕಳೆದ ವಾರ ತಾಯಿಯವರಿಗೆ ಕೆಮ್ಮು ಹೆಚ್ಚಿ, ಮಾತನಾಡಕೂಡದೆಂದು ವೈದ್ಯರು ಹೇಳಿದರು. ನಮ್ಮ ಗೃಹಿಣಿಯು ಅವರ ಶುಶ್ರೂಷೆಯಲ್ಲಿದ್ದಳು, ಮಗನು ಊರಲ್ಲಿರಲಿಲ್ಲ. ನಾವು ಔಷಧದ ಅಂಗಡಿಗೂ ಮನೆಗೂ ತಿರುಗಾಡುತ್ತಿದ್ದೆವು. ಮೂರು ದಿನ ಡಬ್ಬಿಯ ಮುಚ್ಚಳವು ತೆರೆಯಿತು. ಕೊರಿಯಾದ ಮೀನು ಮತ್ತೆ ನಡುಮನೆಯಲ್ಲಿ ಈಜಿತು. ನಾಲ್ಕನೆಯ ದಿನ ಸಂಜೆ ಮಗುವು ಮೊಬೈಲನ್ನು ಅಲ್ಲಿಯೇ ಬಿಟ್ಟು ಎದ್ದು, ದೊಡ್ಡಜ್ಜಿಯ ಮಂಚದ ಬಳಿಗೆ ಹೋಗಿ, ಏನನ್ನೂ ಹೇಳದೆ ಅಂಗೈಯನ್ನು ಬಿಡಿಸಿ ಚಾಚಿಕೊಂಡು ನಿಂತಿತು. ಅವರು ಮಾತಾಡದೆಯೇ ರಾಗಿ ಬೀಸಿದರು. ಯಾವ ಬೆರಳು ಯಾರದೆಂಬುದನ್ನು ಮಗುವೇ ಹೇಳಿತು.